ಮನೆಯಲ್ಲೇ ಕ್ಲಚ್ ಪ್ಲೇಟು ಬದಲಿಸಿದಿರಾ?

ಗ್ಯಾರೇಜು ದೂರವಿರುವ ನಮ್ಮಂಥವರು ಬೈಕಿನ ಕ್ಲಚ್ ಪ್ಲೇಟನ್ನು ಮನೆಯಲ್ಲೇ ಬದಲಿಸುವುದುಂಟು. ಜೋಡಿಸಿದ ಮೇಲೂ ತೊಂದರೆ ಇದ್ದರೆ ತಕ್ಷಣ ಮತ್ತೆ ಬಿಚ್ಚಬೇಡಿ. ಮೊದಲು ದೋಷ ಯಾವುದೆಂದು ಗುರುತಿಸಿ.

ಇಂಜಿನ್ ಬೊಬ್ಬೆ ಹಾಕುತ್ತದೆ, ಬೈಕು ಏರು ಹತ್ತುವುದಿಲ್ಲ – ಇದು ಕ್ಲಚ್ ಜಾರುವುದು. ಲಿವರ್ ಪೂರ್ತಿ ಹಿಡಿದರೂ ಗೇರ್ ಹಾಕುವಾಗ ಬೈಕು ಮುಂದೆ ಹಾರುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ – ಇದು ಕ್ಲಚ್ ಬಿಡದಿರುವುದು.

ನಾನು ಮೊದಲು ನೋಡುವುದು ಕೇಬಲ್ಲನ್ನು. ಹೊಸ ಪ್ಲೇಟು ದಪ್ಪ. ಹಳೆಯ ಹೊಂದಾಣಿಕೆ ಅದಕ್ಕೆ ಕೂಡಿಬರುವುದಿಲ್ಲ. 100 ಸಿಸಿ ಬೈಕುಗಳಲ್ಲಿ ಲಿವರಿನ ತುದಿ ಸಾಮಾನ್ಯವಾಗಿ 10–20 ಮಿ.ಮೀ. ಸಡಿಲವಾಗಿ ಆಡಬೇಕು. ಸಡಿಲ ಇಲ್ಲದಿದ್ದರೆ ಜಾರುತ್ತದೆ, ಹೆಚ್ಚಾದರೆ ಬಿಡುವುದಿಲ್ಲ. ಹ್ಯಾಂಡಲ್ ಎರಡೂ ಬದಿಗೆ ತಿರುಗಿಸಿ. ಸಡಿಲ ಬದಲಾದರೆ ಕೇಬಲ್ಲು ಎಲ್ಲೋ ಸಿಕ್ಕಿಕೊಂಡಿದೆ.

ಎರಡನೆಯದು ಆಯಿಲ್. ಈ ಕ್ಲಚ್ ಇಂಜಿನ್ ಆಯಿಲಿನಲ್ಲೇ ತಿರುಗುವಂಥದ್ದು. ಕಾರಿನ ಆಯಿಲ್ ಹಾಕಿದರೆ ಜಾರಬಹುದು. ಡಬ್ಬದ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿರಲಿ.

ಇವೆರಡೂ ಸರಿಯಿದ್ದರೆ ಮಾತ್ರ ಕವರ್ ಬಿಚ್ಚಿ. ಪ್ಲೇಟು ಒಣಗಿದ್ದರೆ ಇಂಜಿನ್ ಆಯಿಲಿನಲ್ಲಿ ನೆನೆಸಿ. ಬಿರಿ ಹಚ್ಚಿದ ಪ್ಲೇಟು, ಉಕ್ಕಿನ ಪ್ಲೇಟು ಒಂದು ಬಿಟ್ಟು ಒಂದು ಇವೆಯೇ ನೋಡಿ. ಉಕ್ಕಿನದ್ದು ನೀಲಿಗಟ್ಟಿದ್ದರೆ ಕಾದು ಸುಟ್ಟಿದೆ; ಗಾಜಿನ ಮೇಲಿಟ್ಟಾಗ ಅಲುಗಿದರೆ ಬಾಗಿದೆ. ಎರಡನ್ನೂ ಬದಲಿಸಬೇಕು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಖಾಲಿ ಬೈಕನ್ನು ಸಮತಟ್ಟಿನಲ್ಲಿ ಓಡಿಸಿ ನೋಡಿದ ಮೇಲೆಯೇ ಹಾಲಿನ ಕ್ಯಾನು ಹೇರಿ. ಜಾರುವ ಕ್ಲಚ್ಚಿನಲ್ಲಿ ಹೊರೆ ಸಮೇತ ಏರು ಹತ್ತಿಸಿದರೆ ಹೊಸ ಪ್ಲೇಟಿನ ದುಡ್ಡೂ ಹೊಗೆಯಾಗುತ್ತದೆ.