ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗಾಗಿ ನಡಿಗೆ: ಬ್ರಿಟನ್ನಿನಲ್ಲಿ ಭಾಗವಹಿಸುವ ಬಗೆ

ಪುರುಷರ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಎಂಬ ಸಣ್ಣ ಗ್ರಂಥಿಯ ಕ್ಯಾನ್ಸರ್ ಬ್ರಿಟನ್ನಿನಲ್ಲಿ ಎಂಟು ಪುರುಷರಲ್ಲಿ ಒಬ್ಬರಿಗೆ, ಕಪ್ಪುವರ್ಣೀಯರಲ್ಲಾದರೆ ನಾಲ್ವರಲ್ಲಿ ಒಬ್ಬರಿಗೆ, ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಕಾಣಿಸಿಕೊಳ್ಳುತ್ತದೆ. ಇದರ ಸಂಶೋಧನೆಗೆ ಹಣ ಒದಗಿಸುವ 'ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ' ಎಂಬ ದತ್ತಿ ಸಂಸ್ಥೆಗಾಗಿ ಫುಟ್‌ಬಾಲ್ ಕಾರ್ಯಕ್ರಮಗಳ ನಿರೂಪಕ ಜೆಫ್ ಸ್ಟೆಲ್ಲಿಂಗ್ 2016ರಲ್ಲಿ ಹಾರ್ಟ್ಲಿಪೂಲ್‌ನಿಂದ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದವರೆಗೆ, ದಿನಕ್ಕೊಂದು ಮ್ಯಾರಥಾನಿನಂತೆ ಹತ್ತು ದಿನ ನಡೆದರು. ಸಾಮಾನ್ಯರು ಅಷ್ಟು ದೂರ ನಡೆಯಬೇಕಾದ ಅಗತ್ಯವಿಲ್ಲ. ನಡಿಗೆಯೆಂಬುದು ಹಣ ಕೇಳಲು ಒದಗುವ ಒಂದು ಸಭ್ಯವಾದ ನೆಪವಷ್ಟೇ ಆಗಿರುವುದರಿಂದ, ಪಾದಗಳ ಸಿದ್ಧತೆಗಿಂತ ಹಣದ ಸಿದ್ಧತೆಯೇ ಹೆಚ್ಚಿನ ಗಮನವನ್ನು ಬೇಡುತ್ತದೆ.

ಮೊದಲಿಗೆ, ಸಂಸ್ಥೆಯೇ ಏರ್ಪಡಿಸುವ ನಡಿಗೆಗೆ ಸೇರುವುದೋ, ಸ್ನೇಹಿತರ ಗುಂಪಿನೊಡನೆ ತಮ್ಮದೇ ನಡಿಗೆಯನ್ನು ನಡೆಸುವುದೋ ಎಂಬುದನ್ನು ತೀರ್ಮಾನಿಸಬೇಕು. ಮೊದಲನೆಯದರಲ್ಲಿ ಮಾರ್ಗ, ನೀರು, ಪ್ರಥಮ ಚಿಕಿತ್ಸೆಗಳ ಹೊಣೆ ಸಂಘಟಕರದಾಗಿರುತ್ತದೆ. ಎರಡನೆಯದರಲ್ಲಿ ಅವೆಲ್ಲವೂ ಭಾಗಿಗಳ ಮೇಲೆಯೇ ಬೀಳುತ್ತವೆ. ಹೆಸರು ನೋಂದಾಯಿಸುವಾಗ ಪ್ರವೇಶ ಶುಲ್ಕವನ್ನೂ ಸಂಗ್ರಹಿಸಬೇಕಾದ ಮೊತ್ತವನ್ನೂ ಬೇರೆಬೇರೆಯಾಗಿ ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಶುಲ್ಕವು ದೇಣಿಗೆಯೆಂದು ಪರಿಗಣಿತವಾಗುವುದಿಲ್ಲ.

ಬಳಿಕ ಜಸ್ಟ್‌ಗಿವಿಂಗ್‌ನಂತಹ ಜಾಲತಾಣದಲ್ಲಿ ದೇಣಿಗೆಯ ಪುಟವೊಂದನ್ನು ತೆರೆಯಬೇಕು. ಇಲ್ಲಿ 'ಗಿಫ್ಟ್ ಏಡ್' ಎಂಬ ವ್ಯವಸ್ಥೆಯನ್ನು ಅರಿತಿರುವುದು ಅವಶ್ಯ: ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುವ ವ್ಯಕ್ತಿ ದೇಣಿಗೆ ನೀಡಿ ಘೋಷಣೆಯನ್ನೂ ಮಾಡಿದರೆ, ಪ್ರತಿ ಪೌಂಡಿಗೆ 25 ಪೆನ್ಸ್‌ನಂತೆ ಹೆಚ್ಚುವರಿ ಹಣವನ್ನು ಸಂಸ್ಥೆಯು ಸರ್ಕಾರದಿಂದ ಪಡೆಯುತ್ತದೆ, ದಾನಿಗೆ ಹೆಚ್ಚಿನ ಖರ್ಚಿಲ್ಲ. ಆದರೆ ಘೋಷಣೆ ಆಯಾ ದಾನಿಯದೇ ಆಗಿರಬೇಕು. ಹತ್ತು ಮಂದಿಯಿಂದ ನಗದು ಪಡೆದು, ಅದನ್ನು ಒಟ್ಟಾಗಿ ತಮ್ಮ ಹೆಸರಿನಲ್ಲಿ ಪಾವತಿಸಿ ಗಿಫ್ಟ್ ಏಡ್ ಗುರುತನ್ನು ಒತ್ತುವುದು, ಎಷ್ಟೇ ಸದುದ್ದೇಶದ್ದಾದರೂ, ನಿಯಮಬಾಹಿರ. ನಗದು ಪಡೆಯುವವರು ಪ್ರಾಯೋಜಕರ ನಮೂನೆಯಲ್ಲಿ ಪ್ರತಿಯೊಬ್ಬರ ಪೂರ್ಣ ಹೆಸರು, ಮನೆಯ ವಿಳಾಸ, ಪೋಸ್ಟ್‌ಕೋಡ್‌ಗಳನ್ನು ಬರೆಸಿಕೊಳ್ಳಬೇಕು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹಣ ಕಳುಹಿಸುವ ಬಂಧುಗಳು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟದಿದ್ದರೆ ಅವರ ಕೊಡುಗೆಗೆ ಈ ಸೌಲಭ್ಯ ದೊರೆಯದು. ದೇಣಿಗೆಗಳಿಗೆ ಭಾರತ ನೀಡುವ ತೆರಿಗೆ ವಿನಾಯಿತಿಯೂ ಅಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ ಮೀಸಲು. ರಸ್ತೆಯಲ್ಲಿ ಡಬ್ಬಿ ಹಿಡಿದು ನಿಲ್ಲುವ ಯೋಚನೆಯಿದ್ದಲ್ಲಿ ಸ್ಥಳೀಯ ಆಡಳಿತದ ಪರವಾನಗಿ ಬೇಕಾಗುತ್ತದೆ. ನೌಕರರು ಸಂಗ್ರಹಿಸಿದಷ್ಟೇ ಮೊತ್ತವನ್ನು ತಾವೂ ಸೇರಿಸುವ ಕಂಪನಿಗಳು ಹಲವಿರುವುದರಿಂದ, ಕಚೇರಿಯಲ್ಲಿ ಆ ಪದ್ಧತಿಯಿದೆಯೇ ಎಂದು ಮೊದಲೇ ವಿಚಾರಿಸುವುದು ಲಾಭದಾಯಕ.

ದೇಹದ ಸಿದ್ಧತೆ ಇದಕ್ಕಿಂತ ಸರಳ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ 10 ಕಿಲೋಮೀಟರಿಗೆ ಎರಡು ಗಂಟೆ ಹಿಡಿಯುತ್ತದೆ. ನಡೆದು ರೂಢಿಯಿಲ್ಲದವರು ಆರೇಳು ವಾರ ಮೊದಲೇ ಆರಂಭಿಸಿ ದೂರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಹೊಸ ಬೂಟು ಧರಿಸಿ ಹೊರಡುವುದೂ, ಬೆವರು ಹಿಡಿದಿಟ್ಟು ಬೊಬ್ಬೆ ತರಿಸುವ ಹತ್ತಿಯ ಕಾಲುಚೀಲ ಹಾಕುವುದೂ ಬೇಡ. ಬ್ರಿಟನ್ನಿನ ಬೇಸಿಗೆಯನ್ನು ನಂಬಲಾಗದು. ಮಳೆ ಅಂಗಿ ಜೊತೆಗಿರಲಿ. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆ ಪಡೆಯುತ್ತಿರುವವರು, ಅಂದರೆ ಟೆಸ್ಟೋಸ್ಟೆರೋನಿನ ಪರಿಣಾಮವನ್ನು ತಡೆಯುವ ಔಷಧಗಳಲ್ಲಿರುವವರು, ಆಯಾಸ ಮತ್ತು ಮೂಳೆ ಸವೆತದ ಸಾಧ್ಯತೆಯಿರುವುದರಿಂದ ವೈದ್ಯರನ್ನು ಕೇಳಿಯೇ ದೂರವನ್ನು ಆಯ್ದುಕೊಳ್ಳಬೇಕು.

ನಡಿಗೆಯ ದಿನ ಸಹಭಾಗಿಗಳ ಮಾತು ಬಹುತೇಕ ಪಿಎಸ್‌ಎ ಪರೀಕ್ಷೆಯ ಕಡೆಗೆ ಹೊರಳುತ್ತದೆ. ಪ್ರಾಸ್ಟೇಟ್ ಉತ್ಪಾದಿಸುವ ಪ್ರೋಟೀನೊಂದರ ಪ್ರಮಾಣವನ್ನು ರಕ್ತದಲ್ಲಿ ಅಳೆಯುವ ಈ ಪರೀಕ್ಷೆಯನ್ನು ಬ್ರಿಟನ್ನಿನಲ್ಲಿ 50 ದಾಟಿದ ಪುರುಷರು ತಮ್ಮ ಕುಟುಂಬ ವೈದ್ಯರಲ್ಲಿ ಉಚಿತವಾಗಿ ಕೇಳಿ ಪಡೆಯಬಹುದು. ಮೂತ್ರದ ಸೋಂಕಿನಿಂದಲೂ ಪ್ರಾಸ್ಟೇಟ್ ಹಿಗ್ಗುವುದರಿಂದಲೂ ಅದರ ಅಂಕಿ ಏರುವುದರಿಂದ, ಏರಿಕೆಯೊಂದೇ ಕ್ಯಾನ್ಸರಿನ ನಿರ್ಣಯವಲ್ಲ. ಪರೀಕ್ಷೆಗೆ ಮುಂಚಿನ 48 ಗಂಟೆಗಳಲ್ಲಿ ಕಠಿಣ ವ್ಯಾಯಾಮ ಸಲ್ಲದೆಂಬ ಸೂಚನೆಯೂ ಇದೆ. ಆದ್ದರಿಂದ ಭಾನುವಾರ ದೂರ ನಡೆದವರು ರಕ್ತ ಕೊಡುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳದೆ ವಾರದ ಕೊನೆಗೆ ಮುಂದೂಡುವುದು ಲೇಸು.