ಸಹಿ ಹಾಕೋ ಮುಂಚೆ ಕೊನೇ ಪುಟ ಓದು

ಪುಟ್ಟೀ, ಟೆಕ್ಸಾಸ್‌ನ ಟಿವಿ ಚಾನೆಲ್‌ನಲ್ಲಿ ವರದಿಗಾರ್ತಿ ಕೆಲಸ ಸಿಕ್ಕಿದ್ದು ಕೇಳಿ ಮನೆಯವರೆಲ್ಲ ಹಿಗ್ಗಿದೆವು. ನೀನು ಕಳಿಸಿದ ಕರಾರುಪತ್ರ ಓದಿದೆ. ಮೂವತ್ತು ವರ್ಷ ಕೋರ್ಟು ಸುತ್ತಿದವನ ಕಣ್ಣು ಮೊದಲು ಹೋಗೋದು ಸಣ್ಣಕ್ಷರಕ್ಕೇ. ಕೊನೇ ಪುಟ ತೆಗಿ. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಅದೇ ಊರಿನ ಬೇರೆ ಯಾವ ಚಾನೆಲ್‌ನಲ್ಲೂ ನೀನು ಮುಖ ತೋರಿಸುವಂತಿಲ್ಲ ಅಂತಿದೆ. ಎದುರು ಬೀದಿಯವರು ಕರೆದರೂ ನೀನು ಹೋಗಲಾರೆ ಅಂತ ಗೊತ್ತಿರೋ ಧಣಿ ಸಂಬಳ ಯಾಕೆ ಏರಿಸ್ತಾನೆ?

ನಮ್ಮಲ್ಲಾದರೆ ಈ ಷರತ್ತು ನಿಲ್ಲೋದಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಮು ಅದನ್ನು ಅಳಿಸಿಹಾಕುತ್ತೆ. ಆ ಕಲಮಿನ ಬೀಜ ಬಂದದ್ದು ನ್ಯೂಯಾರ್ಕ್‌ನ ವಕೀಲ ಡೇವಿಡ್ ಡಡ್ಲಿ ಫೀಲ್ಡ್ ತನ್ನ ರಾಜ್ಯಕ್ಕಾಗಿ ಬರೆದ ಕಾನೂನಿನ ಕರಡಿನಿಂದ. ಕ್ಯಾಲಿಫೋರ್ನಿಯಾವೂ ಅದೇ ವರ್ಷ ಅದನ್ನು ನೆಟ್ಟುಕೊಂಡಿತು. ಬೀಜ ಕೊಟ್ಟ ನ್ಯೂಯಾರ್ಕೇ ಬೇಡ ಅಂದಿತು. ಅಲ್ಲಿ ಪ್ರಸಾರ ನೌಕರರಿಗೆ ಈ ಷರತ್ತಿನಿಂದ ಬಿಡುಗಡೆ ಸಿಕ್ಕಿದ್ದು 2008ರಲ್ಲಿ. ಅದೂ ಅವರಿಗೆ ಮಾತ್ರ, ಮ್ಯಾನೇಜರುಗಳನ್ನು ಹೊರಗಿಟ್ಟು.

ಅವರಿಗೇ ಯಾಕೆ? ಅವರ ಬೆನ್ನಿಗೆ ಆಫ್ಟ್ರಾ ಅನ್ನೋ ಟಿವಿ-ರೇಡಿಯೋದವರ ಸಂಘ ಇತ್ತು. 'ಹೋರ್ಡಿಂಗ್ ಹಾಕಿ ಈ ಮುಖ ಬೆಳೆಸಿದ್ದು ನಾವು, ಫಲ ಪಕ್ಕದವರಿಗಾ?' ಅಂತ ಮಾಲೀಕರ ತಕರಾರು. 'ಕೆಲಸ ಬದಲಿಸೋಕೆ ಮಕ್ಕಳ ಶಾಲೆ ಬಿಡಿಸಿ ಊರೇ ಬಿಡಬೇಕಾ?' ಅಂತ ನೌಕರರ ಅಳಲು. ಮ್ಯಾಸಚೂಸೆಟ್ಸ್ 1998ರಲ್ಲೇ ನೌಕರರ ಕಡೆ ವಾಲಿತು. ಇಲಿನಾಯ್, ವಾಷಿಂಗ್ಟನ್, ಕನೆಕ್ಟಿಕಟ್ ಕೂಡ ಕಾನೂನು ಮಾಡಿದವು. ದಿನಾ ಪರದೆ ಮೇಲೆ ಕಾಣೋ ಮುಖದ ಅಳಲು ಶಾಸಕರ ಕಿವಿಗೆ ಬೇಗ ಬಿತ್ತು ಅಂತ ನನ್ನ ಅಂದಾಜು. ಪರದೆಯೂ ಸಂಘವೂ ಇಲ್ಲದವರು ಈ ಷರತ್ತಿನ ಹಗ್ಗದಲ್ಲೇ ಉಳಿದರು. 2024ರಲ್ಲಿ ಅಮೆರಿಕದ ಕೇಂದ್ರ ವ್ಯಾಪಾರ ಆಯೋಗ ಹೆಚ್ಚುಕಮ್ಮಿ ಎಲ್ಲರ ಹಗ್ಗ ಬಿಚ್ಚೋಕೆ ನಿಯಮ ತಂದಿತು. ಜಾರಿಗೆ ಬರೋ ಮುಂಚೆಯೇ ಅದನ್ನು ತಳ್ಳಿಹಾಕಿದ್ದು ನಿನ್ನ ಟೆಕ್ಸಾಸ್‌ನ ಫೆಡರಲ್ ಕೋರ್ಟು.

ಅಂದ ಮೇಲೆ ಅಲ್ಲಿ ನಿನಗೆ ನೀನೇ ಕಾವಲು. ಸಹಿಗೆ ಮೊದಲು ಆ ಷರತ್ತು ತೆಗೀರಿ ಅಂತ ಕೇಳು. ಒಪ್ಪದಿದ್ದರೆ ತಿಂಗಳುಗಳನ್ನಾದರೂ ಇಳಿಸೋಕೆ ಕೇಳು. 'ನೀವೇ ಕೆಲಸದಿಂದ ತೆಗೆದುಹಾಕಿದರೆ ಇದು ಅನ್ವಯಿಸದು' ಅಂತ ಒಂದು ಸಾಲಾದರೂ ಸೇರಿಸೋಕೆ ಹೇಳು. ಅಲ್ಲಿನ ವಕೀಲರೊಬ್ಬರಿಗೆ ತೋರಿಸು, ನನ್ನ ವಕೀಲಿಕೆ ಬೆಂಗಳೂರಿನದು. ಸಂಘ ಇದ್ದರೆ ಸೇರಿಕೋ. ಒಬ್ಬಳ ಗೊಣಗಾಟ ಮ್ಯಾನೇಜರ್ ಕೋಣೆ ದಾಟೋದಿಲ್ಲ, ಮಗಳೇ.