ಕೀಲಿಕೈ ಯಾರ ಕೈಯಾಗ?

ತಮ್ಮಾ, ನಾಳೆ ಫಾರಂ ಹಿಡ್ಕೊಂಡು ವನದುರ್ಗಕ್ಕ ಹೊಂಟೀದಿ. ಊರಾಗ ಒಬ್ಬರಿಗೊಬ್ಬರ ನಂಬಿಕಿ ಎಷ್ಟದ ಅಂತ ಅಳೀಬೇಕು, ‘ಸಾಮಾಜಿಕ ಬಂಡವಾಳ’ ಅಂತ ಅದಕ್ಕ ಹೆಸರು ಅಂದಿ. ಅಲ್ಲಿರೋ ಸುರಪುರ ನಾಯಕರ ಕೋಟಿ ಗ್ವಾಡಿಯಾದ್ರ ಟೇಪು ಹಿಡದು ಅಳೀಬಹುದಿತ್ತು. ಇದು ಹಂಗಲ್ಲ.

‘ಜನರನ್ನ ನಂಬಬಹುದೋ, ಹುಷಾರಾಗಿರಬೇಕೋ?’ ಅಂತ ಮೊದಲನೇ ಪ್ರಶ್ನಿ ಇಟ್ಟೀದಿ. ಜಗತ್ತಿನ ತುಂಬ ಕೇಳೋ ಪ್ರಶ್ನೀನೇ ಅದು. ಆದರ ಕಟ್ಟಿ ಮ್ಯಾಲ ಕುಂಡ್ರಿಸಿ ಚಹಾ ಕೊಟ್ಟ ಮುದುಕಿ, ‘ಯಾರನ್ನೂ ನಂಬಂಗಿಲ್ಲಪಾ’ ಅಂತ ಹೆಂಗ ಅಂದಾಳು? ಎಲ್ಲಾರೂ ನಮ್ಮವರೇ ಅಂತಾಳ, ನೀ ಟಿಕ್ ಹಾಕ್ತಿ.

ಬ್ಯಾರೆ ಕೇಳು. ಬೆಂಗಳೂರಿಗೋ ಪುಣೆಗೋ ಗುಳೆ ಹೋಗೋ ಮನಿಯವರು ಕೀಲಿ ಹಾಕಿ ಕೀಲಿಕೈ ಯಾರಿಗೆ ಕೊಟ್ಟು ಹೋಗ್ತಾರ? ಎಮ್ಮಿ ಯಾರ ಹಂತ್ಯಾಕ ಬಿಡ್ತಾರ? ಶಾಲಿಗೆ ಹೋಗೋ ಹುಡುಗಿ ಯಾರ ಮನ್ಯಾಗ ಮಲಗ್ತಾಳ? ಮೂರಕ್ಕೂ ಮೂರು ಹೆಸರು ಬರಬಹುದು, ಬರ್ಕೋ. ಮುಯ್ಯಿ ಲೆಕ್ಕಾನೂ ಕೇಳು. ಹತ್ತಿ ಬಿಡಿಸಾಕ ಇವತ್ತು ಅವರ ಮನಿಯಿಂದ ನಾಲ್ಕು ಮಂದಿ ನಮ್ಮ ಹೊಲಕ್ಕ ಬಂದ್ರ, ನಾಡಿದ್ದು ನಾವು ನಾಲ್ಕು ಮಂದಿ ಅವರ ಹೊಲಕ್ಕ. ಯಾವ ವಹ್ಯಾಗೂ ಬರದಿಡಂಗಿಲ್ಲ, ಮರಿಯಂಗೂ ಇಲ್ಲ. ಎಲ್ಲಾ ರೊಕ್ಕದ ಕೂಲಿಗೆ ತಿರುಗಿದ ಈ ಕಾಲದಾಗ ಅದು ಎಷ್ಟು ಮನ್ಯಾಗ ಉಳದದ ನೋಡು.

ಇಂಥಾದ್ದರಿಂದ ಏನು ಬರ್ತದ ಅಂತಿ? ಗದಗ ಹತ್ರದ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ರು. ಆಗಿನ 1904ರ ಕಾಯ್ದೆದಾಗ ಹಳ್ಳಿ ಸಂಘದ ಸಾಲಕ್ಕ ಸದಸ್ಯರೆಲ್ಲಾ ಪೂರ್ತಿ ಹೊಣೆ. ಬಾಜೂದವನ ಗುಣ ಗೊತ್ತಿಲ್ಲದವ ಅದಕ್ಕ ಸಹಿ ಹಾಕ್ತಾನೇನು? ಅಮೆರಿಕದ ವಿದ್ವಾಂಸ ರಾಬರ್ಟ್ ಪಟ್ನಮ್ 1993ರಾಗ ಇಟಲಿ ಬಗ್ಗೆ ಬರೆದದ್ದೂ ಇದನ್ನೇ: ಹಾಡೋ ಮೇಳ, ಆಟದ ಸಂಘ ಹೆಚ್ಚಿದ್ದ ಉತ್ತರದ ಕಡೆ ಪ್ರಾಂತ್ಯ ಸರ್ಕಾರಗಳೂ ಚಲೋ ನಡದ್ವು.

ಹಂಗಂತ ಸಂಘ ಎಷ್ಟವ ಅಂತ ಎಣಿಸಿ ಬಂದುಬಿಡಬ್ಯಾಡ. ಒಂದೇ ಓಣಿಯ ಹತ್ತು ಸಂಘ ಇದ್ರ ಆ ಓಣಿ ಗಟ್ಟಿ, ಊರಲ್ಲ. ಒಗ್ಗಟ್ಟು ಅನ್ನೋದು ಮತ್ತೊಬ್ಬರಿಗೆ ಬಾಗಿಲು ಹಾಕಾಕೂ ಬರ್ತದ. ನಮ್ಮ ಕಡಿ ಅಲಾಯಿ (ಮೊಹರಂ) ಹಬ್ಬದಾಗ ಹಿಂದೂ-ಮುಸ್ಲಿಂ ಅನ್ನದ ಕುಣೀತಾರ, ಅದು ಖರೆ. ಆದರ ಮರುದಿನ ಚಹಾದಂಗಡ್ಯಾಗ ಜಾತಿ ನೋಡಿ ಯಾರಿಗೆ ಯಾವ ಗ್ಲಾಸು ಕೊಡ್ತಾರ? ನಿನ್ನ ಫಾರಂದಾಗ ಅದಕ್ಕೊಂದು ಸಾಲು ಹಾಕ್ಕೋ.

ಮಧ್ಯಾಹ್ನ ಹೋಗಬ್ಯಾಡ, ಮಂದಿ ಹೊಲದಾಗ ಇರ್ತಾರ. ಸಂಜೀಕ ಹೋಗು. ಗೌಡರ ಕಟ್ಟಿಗೆ ಆಮ್ಯಾಲ ಹೋದ್ರಾತು, ಮೊದಲು ಊರ ಕಡೀ ಓಣಿಗೆ ಹೋಗು.